ಮೂರು ಕಿಲೋ ಎಂಟುನೂರು

ಚೀಲದ ಹಿಡಿಯನ್ನು ಕೊಕ್ಕೆಗೆ ಸಿಕ್ಕಿಸಿ ಕೈಬಿಟ್ಟೆ. ತಕ್ಕಡಿಯ ಮುಳ್ಳು ನಡುಗಿತು, ಎರಡನ್ನು ದಾಟಿತು, ಮೂರನ್ನು ದಾಟಿತು, ನಾಲ್ಕು ಮುಟ್ಟುವ ಮುಂಚೆಯೇ ನಿಂತುಬಿಟ್ಟಿತು. ಬೆರಳಿನಿಂದ ತಟ್ಟಿದೆ. ಅಲುಗಲಿಲ್ಲ.

"ಎಷ್ಟು?" ಜಗಲಿಯ ಕಲ್ಲುಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದ ಪಾತ್ರಾಂವ್ ಕೇಳಿದರು.

"ಮೂರು ಕಿಲೋ ಎಂಟುನೂರು."

"ಯಾರ ಚೀಲ?"

"ಪಿಯೆದಾದಳದ್ದು."

ಅವರು ಚಾಚಿದ್ದ ಕಾಲನ್ನು ಕೆಳಗಿಟ್ಟರು.

ಪಾತ್ರಾಂವ್ ಎಂದರೆ ಮಿಂಗೆಲ್ ಫುರ್ತಾದ್, ನಮ್ಮ ತಿಯಾತ್ರ್ ತಂಡದ ಯಜಮಾನರು. ನಾಟಕ ಬರೆಯುವವರು ಅವರೇ, ಆಡಿಸುವವರು ಅವರೇ, ಸಾಯುವ ಅಪ್ಪನ ಪಾತ್ರವೂ ಅವರದೇ. ಇನ್ನು ಎಂಟು ದಿನಕ್ಕೆ ನಾವು ಹನ್ನೊಂದು ಜನ ಇಂಗ್ಲೆಂಡಿಗೆ ಹೊರಡಬೇಕು. ಅಲ್ಲಿ ಗೋದಾಮುಗಳಲ್ಲಿ, ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಸಾಲ್ಸೆಟ್ಟ್ ತಾಲೂಕಿನ ಜನರಿಗಾಗಿ ಬೇಸಿಗೆಯುದ್ದಕ್ಕೂ, ಹತ್ತು ವಾರ, ಊರೂರಿನಲ್ಲಿ ಆಟ. ವಿಮಾನದ ಹೊಟ್ಟೆಗೆ ಹಾಕುವ ದೊಡ್ಡ ಪೆಟ್ಟಿಗೆಗಳೆಲ್ಲ ನಾಟಕದವು: ಪರದೆ, ಉಡುಪು, ಬಿಚ್ಚಿಟ್ಟ ಡ್ರಮ್ಮು, ಪೋಲೀಸಿನವನ ಟೋಪಿ, ಮದುಮಗಳ ಗೌನು. ಮನುಷ್ಯರಿಗೆ ಉಳಿದದ್ದು ತಲೆಗೊಂದು ಕೈಚೀಲ. ಏಳು ಕಿಲೋ. ಒಂದು ಗ್ರಾಮು ಹೆಚ್ಚಾದರೂ ತೆಗೆದು ಇಲ್ಲೇ ಬಿಟ್ಟು ಹೋಗಬೇಕೆಂಬುದು ಪಾತ್ರಾಂವರ ಕಟ್ಟಪ್ಪಣೆ. ಹಂದಿಮಾಂಸದಂಗಡಿಯ ಪೆದ್ರುವಿನಿಂದ ತಕ್ಕಡಿ ತಂದು ಜಗಲಿಯ ತೊಲೆಗೆ ಕಟ್ಟಿದವನೂ, ಬೆಳಗಿನಿಂದ ತೂಗುತ್ತಿದ್ದವನೂ ನಾನೇ, ಹೆಸರು ಕಾಯ್ತು. ತಂಡದಲ್ಲಿ ನನ್ನದು ನಗಿಸುವ ಕೆಲಸ. ನಗಿಸುವವನ ಕೈಗೆ ತಕ್ಕಡಿ ಕೊಟ್ಟರೆ ಜಗಳ ಕಡಿಮೆ ಎಂದು ಅವರ ಲೆಕ್ಕಾಚಾರ.

ಜಗಳವೇನೂ ಕಡಿಮೆಯಾಗಿರಲಿಲ್ಲ. ಡ್ರಮ್ಮಿನ ಬೊಸ್ತ್ಯಾಂವ್ ಅಜ್ಜನ ಚೀಲ ಹತ್ತೂವರೆ ಇತ್ತು.

"ಬೂಟು ಭಾರ ಕಣೋ," ಎಂದಿದ್ದ ಅಜ್ಜ.

ಬೂಟಿನೊಳಗೆ ಕೈ ಹಾಕಿದರೆ ಒಂದರಲ್ಲಿ ಹಂದಿಮಾಂಸದ ಚೊರಿಸಾಂವ್ ಸರ, ಇನ್ನೊಂದರಲ್ಲಿ ಒಣ ಸಿಗಡಿ.

"ಅಜ್ಜ, ಇದನ್ನ ಹಾಕ್ಕೊಂಡು ನಡೀತೀಯಾ, ತಿಂತೀಯಾ?"

"ನನ್ನ ಸೊಸೆ ಕಟ್ಟಿಕೊಟ್ಟಿದ್ದು. ನೀನು ಮದುವೆಯಾಗು, ಆಮೇಲೆ ಮಾತಾಡು."

ಅದನ್ನು ತೆಗೆಸಿದ್ದಾಯಿತು. ಕೀಬೋರ್ಡಿನವನ ಚೀಲದಿಂದ ಇಸ್ತ್ರಿಪೆಟ್ಟಿಗೆ ತೆಗೆಸಿದ್ದಾಯಿತು. ಎಲ್ಲರೂ ಏಳರ ಮೇಲೆ ಹತ್ತಿ ಇಳಿದವರೇ. ಹತ್ತು ವಾರಕ್ಕೆ ಏಳು ಕಿಲೋ ಸಾಲದು ಎಂದು ಗೊಣಗಿದವರೇ. ಇವಳೊಬ್ಬಳು ಮಾತ್ರ ಅರ್ಧಕ್ಕೇ ನಿಂತಿದ್ದಳು.

"ಪಿಯೆದಾದ್, ಬಾ ಇಲ್ಲಿ," ಪಾತ್ರಾಂವ್ ಕರೆದರು. "ಹತ್ತು ವಾರಕ್ಕೆ ಇಷ್ಟೇನಾ?"

"ಇಷ್ಟೇ. ಯಾಕೆ, ಹಗುರ ಇದ್ರೂ ದಂಡ ಹಾಕ್ತೀರಾ?"

"ತೋರ್ಸು ನೋಡೋಣ. ಉಳಿದವರೂ ಕಲೀಲಿ."

ಅವಳಿಗೆ ಖುಷಿಯೇ ಆಯಿತು. ಮೂವತ್ನಾಲ್ಕು ವರ್ಷದ ಹೆಂಗಸು, ಹದಿನೆಂಟರಿಂದ ರಂಗದ ಮೇಲೆ ಇರುವವಳು. ಜನ ನೋಡುತ್ತಾರೆಂದರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಬೆಂಚಿನ ಮೇಲೆ ಒಂದೊಂದನ್ನೇ ಇಟ್ಟಳು. ಸುರುಳಿ ಸುತ್ತಿದ ಮೂರು ಉಡುಪು, ಮೂರೂ ಕಡುಬಣ್ಣದವು. "ಇದು ಮಲಗೋದಕ್ಕೆ. ಸೊಂಟಪಟ್ಟಿ ಕಟ್ಟಿದ್ರೆ ಪೇಟೆಗೆ. ಮೇಲೊಂದು ಶಾಲು ಹಾಕಿದ್ರೆ ಪೂಜೆಗೆ ಇಗರ್ಜಿಗೆ." ಅರ್ಧಕ್ಕೆ ಕತ್ತರಿಸಿದ ಸೋಪು. ಉದ್ದನೆಯ ಹಿಡಿ ಮುರಿದು ಗಿಡ್ಡ ಮಾಡಿದ ಹಲ್ಲುಜ್ಜುವ ಬ್ರಶ್ಶು. ಸಂಜೆ ಒಗೆದರೆ ಬೆಳಿಗ್ಗೆಗೆ ಒಣಗುವ ತೆಳು ಟವೆಲ್ಲು. ಚಪ್ಪಲಿ ಬೇರೆ ಇಲ್ಲ, ಕಾಲಲ್ಲಿದ್ದದ್ದೇ. "ಮಾತ್ರೆ ಅಂತೆಲ್ಲ ಡಬ್ಬಿ ಸಮೇತ ಹೊರಬಾರದು. ಪುಸ್ತಕ ಬೇಡ, ನಾಟಕದ ಮಾತು ತಲೇಲಿದೆ. ಬೊಸ್ತ್ಯಾಂವ್ ಅಜ್ಜ, ಹೊಟ್ಟೆ ಮಾತ್ರ ಮೈ ಜೊತೇನೇ ಬರುತ್ತೆ, ಅದನ್ನ ತೂಗೋದಿಲ್ಲ."

ಎಲ್ಲರೂ ನಕ್ಕರು. ಪಾತ್ರಾಂವ್ ನಗಲಿಲ್ಲ. ನಾನೂ ನಗಲಿಲ್ಲ.

ಅವಳು ಚೀಲ ಮುಚ್ಚಿ, ಗೋಡೆಯ ಬದಿಗಿಟ್ಟು, ಹಿತ್ತಿಲ ಬಾವಿಕಟ್ಟೆಯ ಹತ್ತಿರ ಚಹಾ ಕುಡಿಯುತ್ತಿದ್ದವರ ಕಡೆ ಹೋದಳು. ಪಾತ್ರಾಂವ್ ನನ್ನನ್ನು ಹತ್ತಿರ ಕರೆದರು.

"ಯಾರು ಹೇಳಿಕೊಟ್ಟಿದ್ದು ಇವಳಿಗೆ ಇದೆಲ್ಲ?"

"ಬಸ್ಸಲ್ಲಿ ಓಡಾಡಿ ಓಡಾಡಿ ಅಭ್ಯಾಸ ಇರಬಹುದು."

"ಬಸ್ಸಲ್ಲಿ ಮಡಗಾಂವಿಂದ ಮಾಪ್ಸಾಕ್ಕೆ ಹೋಗೋದಕ್ಕೂ ಹತ್ತು ವಾರಕ್ಕೂ ವ್ಯತ್ಯಾಸ ಇಲ್ವಾ? ಹತ್ತು ವಾರ, ಮೂರು ಉಡುಪು. ಇಷ್ಟು ಕಡಿಮೆ ತಗೊಂಡು ಹೋಗೋದು ಯಾರು, ಹೇಳು."

ಹೇಳಬೇಕಾದದ್ದು ಇಬ್ಬರಿಗೂ ಗೊತ್ತಿತ್ತು. ಅಲ್ಲಿ ಬಟ್ಟೆ ತುಂಬಿದ ಕಪಾಟು ಇರುವವರು.

ಪಿಯೆದಾದಳ ತಂಗಿ ಎಸ್ಪೆರಾಂಸ್ ಇಂಗ್ಲೆಂಡಿನ ಸ್ವಿಂಡನ್ನಿನಲ್ಲಿದ್ದಾಳೆ. ಆರು ವರ್ಷದಿಂದ ಅಕ್ಕತಂಗಿಯರು ಮುಖ ನೋಡಿಲ್ಲ. ಈ ಪ್ರವಾಸ ಬಿಟ್ಟರೆ ಪಿಯೆದಾದಳಿಗೆ ಅಲ್ಲಿಗೆ ಹೋಗುವ ದಾರಿಯಿಲ್ಲ. ತಾನಾಗಿ ಅರ್ಜಿ ಹಾಕಿದ ಎರಡು ಸಲವೂ ವೀಸಾ ಕೊಟ್ಟಿರಲಿಲ್ಲ. ಮೂರನೆಯ ಸಲ ತಂಡದ ಪಟ್ಟಿಯಲ್ಲಿ ಹೆಸರು ಸೇರಿ ಸಿಕ್ಕಿತ್ತು. ಸಿಕ್ಕ ದಿನ ಅವಳು ಪಾತ್ರಾಂವರ ಕೈ ಹಿಡಿದು ಅತ್ತಿದ್ದಳು. ಆಗ ನಮಗೆಲ್ಲ ಕಣ್ಣು ಒದ್ದೆಯಾಗಿತ್ತು. ಈಗ ಆ ಅಳುವನ್ನೂ ನಾನು ಮತ್ತೆ ತೆಗೆದು ತಿರುಗಿಸಿ ನೋಡತೊಡಗಿದೆ. ಹತ್ತು ವಾರ ತಂಗಿಯನ್ನು ನೋಡಲು ಅಷ್ಟು ಅಳಬೇಕೆ?

ಪಾತ್ರಾಂವರ ಭಯಕ್ಕೆ ಕಾರಣವಿತ್ತು. ಎರಡು ವರ್ಷದ ಹಿಂದೆ ಸ್ಯಾಕ್ಸೊಫೋನಿನ ಲಿಗೋರ್ ಅಲ್ಲೇ ಮಾಯವಾದ. ಮೂರನೇ ವಾರ, ಲೆಸ್ಟರಿನಲ್ಲಿ, ಬ್ಲೇಡು ತರುತ್ತೇನೆಂದು ಹೋದವನು ಬರಲಿಲ್ಲ. ಕೋಣೆಯಲ್ಲಿ ಅವನ ಚೀಲ ಹಾಗೇ ಇತ್ತು, ಅಂಗಿಗಳನ್ನು ನೀಟಾಗಿ ಮಡಿಸಿಟ್ಟಿದ್ದ. ಪಾತ್ರಾಂವರನ್ನು ಅಲ್ಲಿಯ ಅಧಿಕಾರಿಗಳು ಮೂರು ದಿನ ಕೂರಿಸಿ ಕೇಳಿದರು. ಇನ್ನೊಬ್ಬ ಕಳೆದುಹೋದರೆ ಈ ತಂಡಕ್ಕೆ ಮತ್ತೆಂದೂ ವೀಸಾ ಇಲ್ಲ ಎಂದು ಬರೆದೇ ಕೊಟ್ಟರು. ಇಲ್ಲಿ ಆಟ ನೋಡುವವರು ಕಡಿಮೆಯಾಗಿದ್ದಾರೆ. ಇಂಗ್ಲೆಂಡಿನ ಬೇಸಿಗೆ ತಪ್ಪಿದರೆ ತಂಡ ಮುಚ್ಚಬೇಕು. ಲಿಗೋರ್ ಹೋದಂದಿನಿಂದ ಪಾತ್ರಾಂವ್ ಮನುಷ್ಯರನ್ನು ನೋಡುವ ಕ್ರಮವೇ ಬದಲಾಗಿತ್ತು. ಯಾರಾದರೂ ಹೊಸ ಬೂಟು ಕೊಂಡರೆ, ಕೂದಲು ಗಿಡ್ಡ ಮಾಡಿಸಿದರೆ, ಇಂಗ್ಲಿಷ್ ಪತ್ರಿಕೆ ಓದಿದರೆ, ಅವರ ಕಣ್ಣು ಒಂದು ಕ್ಷಣ ಅಲ್ಲೇ ನಿಲ್ಲುತ್ತಿತ್ತು.

"ಒಳಗಡೆ ಜೇಬು ನೋಡು," ಎಂದರು. "ಅವಳು ತೋರ್ಸಿದ್ದು ಬಟ್ಟೆ ಮಾತ್ರ."

ಹಿತ್ತಿಲಿನಲ್ಲಿ ಪಿಯೆದಾದ್ ಯಾರದೋ ದನಿಯನ್ನು ಅಣಕಿಸುತ್ತಿದ್ದಳು, ಎಲ್ಲರೂ ಕೂಗಿ ನಗುತ್ತಿದ್ದರು. ನಾನು ಚೀಲದ ಮುಂದೆ ಮೊಣಕಾಲೂರಿದೆ. ಅವಳ ಜೊತೆ ಏಳು ವರ್ಷದಿಂದ ಜೋಡಿಹಾಡು ಹಾಡಿದವನು ನಾನು; ಅವಳಿಲ್ಲದಿದ್ದರೆ ನನ್ನ ಅರ್ಧ ಕೆಲಸವಿಲ್ಲ. ಆದರೂ ಕೈ ತಡೆಯಲಿಲ್ಲ. ಒಳಜೇಬಿನಲ್ಲಿ ಪ್ಲಾಸ್ಟಿಕ್ಕಿನ ಹೊದಿಕೆ, ಅದರೊಳಗೆ ಇಗರ್ಜಿಯ ಮೊಹರು ಹಾಕಿದ ಕಾಗದ. ಮೇಲಿನ ಸಾಲು ಓದಿದೆ. ಜ್ಞಾನಸ್ನಾನದ ಪತ್ರ. ಹೋದ ವಾರದ ತಾರೀಕು. ಹಿಂದೆ ಇನ್ನೂ ಒಂದು ಹಾಳೆ ಇದ್ದಂತಿತ್ತು. ಹಿತ್ತಿಲಿನ ನಗು ನಿಂತಿತು. ಹೊದಿಕೆಯನ್ನು ತುರುಕಿ ಎದ್ದೆ.

ಈ ಊರಿನಲ್ಲಿ ಆ ಕಾಗದಕ್ಕೆ ಒಂದೇ ಅರ್ಥ. ಮೂವತ್ತು ವರ್ಷದ ಹಿಂದೆ ನೀರು ಹಾಕಿಸಿಕೊಂಡದ್ದಕ್ಕೆ ಈಗ ಯಾರಾದರೂ ಪತ್ರ ತೆಗೆಸಿದರೆ, ಪೋರ್ಚುಗೀಸರ ಕಾಲದಲ್ಲಿ ಹುಟ್ಟಿದ ಅಜ್ಜಂದಿರ ಜನ್ಮದಾಖಲೆಯ ಜೊತೆ ಸೇರಿಸಿ ಲಿಸ್ಬನ್ನಿನಲ್ಲಿ ಹೆಸರು ಬರೆಸಲು ಹೊರಟಿದ್ದಾರೆ ಎಂದೇ. ಹೆಸರು ಬರೆಸಿದರೆ ಪೋರ್ಚುಗೀಸ್ ಪಾಸ್‌ಪೋರ್ಟು. ಅದು ಸಿಕ್ಕ ಮೇಲೆ ವಾಪಸ್ಸು ಬರುವುದು ಹಬ್ಬಕ್ಕೆ ಮಾತ್ರ. ನಮ್ಮ ವಾಡದಲ್ಲೇ, ಈ ಒಂದೇ ಕೇರಿಯಲ್ಲಿ, ಹದಿನಾಲ್ಕು ಮನೆ ಹಾಗೆ ಬೀಗ ಹಾಕಿಕೊಂಡಿವೆ.

"ಬೌತಿಜ್ಮಿನ ಪತ್ರ," ಎಂದೆ ಪಾತ್ರಾಂವರಿಗೆ. "ಹೊಸದು."

ಅವರು ತಕ್ಕಡಿಯ ಖಾಲಿ ಕೊಕ್ಕೆಯನ್ನು ನೋಡಿದರು. "ಹಗುರ ಯಾಕೆ ಅಂತ ಈಗ ಗೊತ್ತಾಯ್ತಲ್ಲ."

ಮರುದಿನ ಸಂಜೆ ತಾಲೀಮು ಮುಗಿದ ಮೇಲೆ ಪಾತ್ರಾಂವ್ ಅವಳನ್ನು ನಿಲ್ಲಿಸಿಕೊಂಡರು. ನಾನೂ ಇದ್ದೆ, ಬೊಸ್ತ್ಯಾಂವ್ ಅಜ್ಜನೂ ಇದ್ದ.

"ನೋಡು ಬಾಯ್, ಮಗಳೇ, ತಪ್ಪು ತಿಳಿಬೇಡ. ಅಲ್ಲಿ ಇಳಿದ ತಕ್ಷಣ ನಿನ್ನ ಪಾಸ್‌ಪೋರ್ಟು ನನ್ನ ಹತ್ರ ಇರ್ಲಿ. ಎಲ್ಲಿಗೆ ಹೋದ್ರೂ ಜೊತೆಗೆ ಯಾರಾದ್ರೂ ಬರ್ತಾರೆ. ಇವತ್ತು ರಸ್ತೆ ಬದಿ ಶಿಲುಬೆ ಹತ್ರ ಪ್ರಾರ್ಥನೆ ಇದೆಯಲ್ಲ, ಎಲ್ಲರ ಮುಂದೆ ಶಿಲುಬೆ ಮುಟ್ಟಿ ವಾಪಸ್ ಬರ್ತೀನಿ ಅಂತ ಹೇಳ್ಬಿಡು. ಅಷ್ಟೇ."

"ಎಲ್ಲರೂ ಹೇಳ್ತಾರಾ?"

"ಎಲ್ಲರೂ ಯಾಕೆ?"

"ಮತ್ತೆ ನಾನು ಯಾಕೆ?"

ಪಾತ್ರಾಂವ್ ನನ್ನ ಕಡೆ ನೋಡಿದರು. ನೋಡಬಾರದಿತ್ತು. ಅವಳೂ ಅವರ ಕಣ್ಣಿನ ದಾರಿ ಹಿಡಿದು ನನ್ನ ಹತ್ತಿರ ಬಂದಳು.

"ನನ್ನ ಚೀಲ ತೆಗೆದ್ಯಾ, ಕಾಯ್ತು?"

"ತೂಗೋವಾಗ…"

"ತೂಗೋದಕ್ಕೆ ಜೇಬು ತೆಗೀಬೇಕಾ?"

"ಲೇ ಪಿಯೆದಾದ್," ಬೊಸ್ತ್ಯಾಂವ್ ಅಜ್ಜ ನಡುವೆ ಬಾಯಿ ಹಾಕಿದ, "ನನ್ನ ಬೂಟೊಳಗೂ ಕೈ ಹಾಕಿದ. ಅವನಿಗೆ ಅದೊಂದು ಕಾಯಿಲೆ. ಶಿಲುಬೆ ತಾನೇ, ಮುಟ್ಟಿ ಬಾ, ಮುಗೀತು."

"ನಿನ್ನ ಚೊರಿಸಾಂವ್ ಸಿಕ್ತು, ಅಜ್ಜ. ನಿನ್ನ ಹತ್ರ ಶಿಲುಬೆ ಮುಟ್ಸಿದ್ರಾ?"

ಅಜ್ಜ ಡ್ರಮ್ಮಿನ ಕೋಲುಗಳನ್ನು ಎತ್ತಿಕೊಂಡು ಹಿಂದೆ ಸರಿದ.

"ಆ ಕಾಗದ ಯಾಕೆ ಅಂತ ಹೇಳಿಬಿಡು," ಎಂದರು ಪಾತ್ರಾಂವ್, "ನಾನೇ ಕ್ಷಮೆ ಕೇಳ್ತೀನಿ."

"ಜೇಬಿಗೆ ಕೈ ಹಾಕಿದವನಿಗೆ ಪೂರ್ತಿ ಓದೋಕೆ ಏನಾಗಿತ್ತು?"

ಇಷ್ಟೇ ಹೇಳಿ ಚೀಲ ಹೆಗಲಿಗೇರಿಸಿಕೊಂಡು ನಡೆದಳು. ಓಡಲಿಲ್ಲ, ಅಳಲಿಲ್ಲ. ಗೇಟಿನ ಹತ್ತಿರ ಒಂದು ಸಲ ತಿರುಗುತ್ತಾಳೆಂದು ಕಾದೆ, ನಾಟಕದಲ್ಲಾದರೆ ತಿರುಗುತ್ತಾಳೆ. ತಿರುಗಲಿಲ್ಲ.

"ಅಭಿನಯ," ಎಂದರು ಪಾತ್ರಾಂವ್. "ಸಿಕ್ಕಿಬಿದ್ದವರು ಹೀಗೇ ಮಾಡೋದು. ಲಿಗೋರ್‌ಗೂ ಹಿಂದಿನ ದಿನ ಯಾಕೆ ಮಂಕಾಗಿದ್ದೀಯ ಅಂದ್ರೆ ಸಿಟ್ಟು ಬಂದಿತ್ತು."

ನನಗೂ ಹಾಗೇ ಅನ್ನಿಸಿತು. ಅನ್ನಿಸಬೇಕೆಂದು ಬಯಸಿದೆ ಎನ್ನುವುದು ಹೆಚ್ಚು ಸರಿ.

ಎರಡು ದಿನ ಅವಳಿಲ್ಲದೆ ತಾಲೀಮು ನಡೆಸಿದೆವು. ಬೇರೆಯವರನ್ನು ಸೇರಿಸುವಂತಿಲ್ಲ, ವೀಸಾ ಇದ್ದದ್ದು ಪಟ್ಟಿಯಲ್ಲಿದ್ದ ಹನ್ನೊಂದು ಜನಕ್ಕೆ. ಸೊಸೆಯ ಪಾತ್ರವನ್ನು ಪಾತ್ರಾಂವ್ ಪರದೆಯ ಹಿಂದಕ್ಕೆ ತಳ್ಳಿದರು. ಸೊಸೆ ಅಡುಗೆಮನೆಯಲ್ಲಿದ್ದಾಳೆ, ಸೊಸೆ ನೀರು ತರಲು ಹೋಗಿದ್ದಾಳೆ, ಸೊಸೆಗೆ ತಲೆನೋವು. ಮೂರನೆಯ ಅಂಕದಲ್ಲಿ ಮಾವ ಸಾಯುವಾಗಲೂ ಸೊಸೆ ನೀರು ತರಲು ಹೋಗಿಯೇ ಇದ್ದಳು. ಜೋಡಿಹಾಡನ್ನು ನಾನೊಬ್ಬನೇ ಹಾಡಿದೆ, ಅವಳ ಸಾಲು ಬಂದಾಗ ಸುಮ್ಮನೆ ನಿಂತೆ. ಬೊಸ್ತ್ಯಾಂವ್ ಅಜ್ಜ ಆ ಖಾಲಿ ಜಾಗದಲ್ಲಿ ಮೆಲ್ಲಗೆ ಡ್ರಮ್ಮು ಬಾರಿಸಿದ. ಹೆಣ ಎತ್ತುವಾಗಿನ ಹಾಗೆ ಕೇಳಿಸಿತು.

"ಪೂರ್ತಿ ಓದೋಕೆ ಏನಾಗಿತ್ತು" ಎಂದದ್ದು ಮಾತ್ರ ತಲೆಯಲ್ಲಿ ಉಳಿದಿತ್ತು. ಹಿಂದಿನ ಹಾಳೆಯಲ್ಲಿ ಅವಳ ಅಜ್ಜನ ದಾಖಲೆಯೇ ಇರುತ್ತದೆ, ಅದನ್ನು ಖಚಿತ ಮಾಡಿಕೊಂಡರೆ ನಿದ್ದೆ ಬರುತ್ತದೆ ಎಂದು ಮೂರನೆಯ ದಿನ ಬೆಳಿಗ್ಗೆ ಇಗರ್ಜಿಯ ಕಚೇರಿಗೆ ಹೋದೆ. ಗುಮಾಸ್ತ ಇನಾಸ್ ಫ್ಯಾನಿನ ಕೆಳಗೆ ಅಂಗಿಯ ಗುಂಡಿ ಬಿಚ್ಚಿ ಕೂತಿದ್ದ.

"ಪಿಯೆದಾದ್ ಏನೇನು ಪತ್ರ ತಗೊಂಡಳು, ಇನಾಸ್ಬಾಬ್?"

"ಯಾಕೆ, ಮದುವೆ ಮಾಡ್ಕೋತೀಯಾ?"

"ಪ್ರವಾಸದ ಕಡತಕ್ಕೆ ಬೇಕು."

ಸುಳ್ಳೆಂದು ಅವನಿಗೂ ಗೊತ್ತಿತ್ತು. ಆದರೆ ಪುಸ್ತಕ ತೆರೆದು ತೋರಿಸುವುದೆಂದರೆ ಇನಾಸನಿಗೆ ಪ್ರೀತಿ. ಬೆರಳು ಒದ್ದೆ ಮಾಡಿಕೊಂಡು ಹಾಳೆ ಮಗುಚಿದ. "ಇಲ್ಲಿದೆ. ಜ್ಞಾನಸ್ನಾನದ್ದು ಒಂದು. ದೃಢೀಕರಣ ಸಂಸ್ಕಾರದ್ದು ಒಂದು, ಅದೇ ಹಾಳೇಲಿ ಪಾದ್ರಿಗಳ ಒಪ್ಪಿಗೆನೂ ಬರೆದಿದೆ. ಕಾರಣ, ಮಾದ್ರಿನ್, ಜ್ಞಾನತಾಯಿ. ತಂಗಿ ಮಗುಗೆ ಜೂನಲ್ಲಿ ಸ್ವಿಂಡನ್ನಲ್ಲಿ ಬೌತಿಜ್ಮ್ ಅಲ್ವಾ, ಮಗು ಎತ್ಕೊಳ್ಳೋಳು ಇವಳೇ. ಅಲ್ಲಿಯ ಪಾದ್ರಿ ಸ್ವಲ್ಪ ಬಿಗಿ, ಪತ್ರ ಇಲ್ದೆ ಯಾರನ್ನೂ ನಿಲ್ಲಿಸೊಲ್ಲವಂತೆ."

"ಅಜ್ಜಂದು?"

"ಯಾರ ಅಜ್ಜಂದು?"

"ಅವಳ ಅಜ್ಜನ ದಾಖಲೆ ಏನಾದ್ರೂ…"

ಇನಾಸ್ ಕನ್ನಡಕದ ಮೇಲಿಂದ ನನ್ನನ್ನು ನೋಡಿದ. "ಅಜ್ಜಂದು ತಗೊಂಡಿದ್ದು ನೀನು ಕಣೋ. ಹೋದ ವರ್ಷ. ಕಾರಣ ಅಂತ ಏನು ಬರೆಸಿದ್ದೆ? ತಡಿ, ಇಲ್ಲೇ ಎಲ್ಲೋ… 'ಮನೆಯಲ್ಲಿ ಇಟ್ಟುಕೊಳ್ಳಲು'. ಚೌಕಟ್ಟು ಹಾಕ್ಸಿದ್ಯೋ ಇಲ್ವೋ?"

ನಾನು ನಕ್ಕೆ. ನಗಿಸುವವನ ನಗು, ಬೇಕಾದಾಗ ಬರುತ್ತದೆ. ಅಜ್ಜನ ಆ ದಾಖಲೆ ಕಪಾಟಿನಲ್ಲಿ ನನ್ನ ಮದುವೆಗೆಂದು ತೆಗೆದಿರಿಸಿದ ಕೋಟಿನ ಕೆಳಗಿತ್ತು. ಸುಮ್ಮನೆ ತೆಗೆಸಿದ್ದೆ. ಎಲ್ಲರೂ ತೆಗೆಸುತ್ತಾರೆ, ಒಂದಿರಲಿ ಎಂದು. ತೂಗುವ ಹಿಂದಿನ ದಿನ ಚೀಲ ತುಂಬುವಾಗ ಅದನ್ನು ಎರಡು ಸಲ ಕೈಗೆತ್ತಿಕೊಂಡು ಎರಡು ಸಲ ಒಳಗಿಟ್ಟಿದ್ದೆ. ನನ್ನ ಚೀಲವನ್ನು ಯಾರೂ ತೂಗಿರಲಿಲ್ಲ.

ಪಾತ್ರಾಂವರಿಗೆ ಹೇಳಿದೆ. ನನ್ನ ಅಜ್ಜನ ವಿಷಯ ಬಿಟ್ಟು, ಉಳಿದದ್ದನ್ನು.

"ಮಾದ್ರಿನ್ ಅನ್ನೋದು ನೆಪ ಇರಬಹುದಲ್ಲ?" ಎಂದರು ಮೊದಲು. ಆಮೇಲೆ ಸ್ವಿಂಡನ್ನಿನಲ್ಲಿ ನಮ್ಮ ಆಟ ಏರ್ಪಡಿಸುವವನಿಗೆ ಫೋನು ಹಚ್ಚಿದರು. ಅವನು ಜೋರಾಗಿ ಮಾತಾಡುವವನು, ನನಗೂ ಕೇಳಿಸುತ್ತಿತ್ತು. "ಎಸ್ಪೆರಾಂಸ್ ಮಗೂದಾ? ಹದಿನಾಲ್ಕನೇ ತಾರೀಕು, ಪಾತ್ರಾಂವ್. ಹಾಲ್ ಬುಕ್ ಮಾಡಿದ್ದಾಗಿದೆ. ನಿಮ್ಮ ತಂಡದವರನ್ನೆಲ್ಲ ಊಟಕ್ಕೆ ಕರೆದಿದ್ದಾರೆ, ಪಿಯೆದಾದ್ ಹೇಳಿಲ್ವಾ? ಓಹ್, ನಿಮಗೆಲ್ಲ ಇಲ್ಲಿಗೆ ಬಂದ್ಮೇಲೆ ಹೇಳ್ಬೇಕು ಅಂತಿದ್ಳೋ ಏನೋ, ಹಾಳು ಮಾಡ್ಬಿಟ್ಟೆ ನಾನು."

ಪಾತ್ರಾಂವ್ ಫೋನು ಇಟ್ಟು, ಅಂಗೈಯಿಂದ ಮುಖ ಉಜ್ಜಿಕೊಂಡರು. "ನಡಿ," ಎಂದರು.

ಪಿಯೆದಾದ್ ಅಂಗಳದಲ್ಲಿ ಚಾಪೆಯ ಮೇಲೆ ಪುನರ್ಪುಳಿ ಸಿಪ್ಪೆ ಹರಡುತ್ತಿದ್ದಳು. ಮಳೆಗೆ ಮುಂಚೆ ಒಣಗಬೇಕು. ಬೆರಳೆಲ್ಲ ಕೆಂಪಾಗಿತ್ತು. ನಮ್ಮನ್ನು ನೋಡಿ ಎದ್ದಳು, ಕೂರಲು ಬೆಂಚು ಎಳೆದಳು, ಒಳಗೆ ಹೋಗಿ ಎರಡು ಲೋಟ ನೀರು ತಂದಳು.

"ಹದಿನಾಲ್ಕನೇ ತಾರೀಕು ಅಂತೆ," ಎಂದರು ಪಾತ್ರಾಂವ್.

"ಹೂಂ."

"ಅವತ್ತೇ ಹೇಳಬಹುದಿತ್ತಲ್ಲ, ಬಾಯ್."

"ಕೇಳಬಹುದಿತ್ತಲ್ಲ, ಪಾತ್ರಾಂವ್. ಕೇಳೋದಕ್ಕೆ ಮುಂಚೆ ಜೇಬು ತೆಗೆಸಿದ್ರಿ."

"ತಪ್ಪಾಯ್ತು. ಇವನ ಮುಂದೇನೇ ಹೇಳ್ತಿದ್ದೀನಿ." ಅವರು ಅಂಗಿಯ ಜೇಬಿನಿಂದ ಅವಳ ಟಿಕೆಟ್ಟಿನ ಕಾಗದ ತೆಗೆದು ಬೆಂಚಿನ ಮೇಲಿಟ್ಟರು, ಗಾಳಿಗೆ ಹಾರದಂತೆ ಲೋಟವನ್ನು ಅದರ ಮೇಲಿಟ್ಟರು. "ಪಾಸ್‌ಪೋರ್ಟು ನಿನ್ನ ಹತ್ರಾನೇ ಇರ್ಲಿ. ಶಿಲುಬೆ ಗಿಲುಬೆ ಏನೂ ಬೇಡ. ಜಾಹೀರಾತಿನಲ್ಲಿ ನನ್ನ ಹೆಸರಿಗಿಂತ ಮೇಲೆ ನಿನ್ನ ಹೆಸರು ಹಾಕ್ಸ್ತೀನಿ, ಬೇಕಾದ್ರೆ ನೋಡು. ಸ್ವಿಂಡನ್ನಲ್ಲಿ ನಾಲ್ಕು ದಿನ ತಂಗಿ ಮನೇಲೇ ಇರು, ಯಾರೂ ಜೊತೆಗೆ ಬರಲ್ಲ."

ಅವಳು ಒಂದು ಸಿಪ್ಪೆಯನ್ನು ಮಗುಚಿ ಹಾಕಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಆರು ವರ್ಷದ ಮೇಲೆ ತಂಗಿ, ಕೈಯಲ್ಲಿ ಎತ್ತಿಕೊಳ್ಳಬೇಕಾದ ಮಗು, ಅದೆಲ್ಲ ಆ ಲೋಟದ ಕೆಳಗಿತ್ತು. ಒಪ್ಪಿಕೊಳ್ಳುತ್ತಾಳೆ ಎಂದುಕೊಂಡೆ. ಒಪ್ಪದಿದ್ದರೆ ಬೇರೆ ಏನೋ ದಾರಿ ಹುಡುಕಿಕೊಂಡಿದ್ದಾಳೆ ಎಂದೂ, ಅಲ್ಲೇ ನಿಂತು, ಆಗಲೂ, ಯೋಚಿಸಿದೆ. ನನ್ನ ತಲೆ ಅಷ್ಟು ದೂರ ಹೋಗಿತ್ತು.

"ಎಸ್ಪೆರಾಂಸ್‌ಗೆ ಫೋನ್ ಮಾಡಿ ಹೇಳಿದ್ದೀನಿ," ಎಂದಳು. "ನನ್ನ ಬದಲಿಗೆ ಪಕ್ಕದ ಮನೆಯವಳು ಮಗು ಎತ್ಕೋತಾಳೆ. ಪುಸ್ತಕದಲ್ಲಿ ನನ್ನ ಹೆಸರೇ ಬರೀತಾರೆ. ಪಾದ್ರಿಗಳು ಒಪ್ಪಿದ್ದಾರೆ."

"ಮಗು ಬೇರೆಯವಳ ಕೈಲಿ ಯಾಕೆ ಹೋಗ್ಬೇಕು? ಟಿಕೆಟ್ ಇಲ್ಲಿದೆ, ನೀನೇ ಹೋಗು."

"ಹೋಗ್ತೀನಿ ಅನ್ಕೊಳ್ಳಿ. ಒಂದು ದಿನ ಪೂಜೆ ಮುಗಿಸಿ ಬರೋದು ಹತ್ತು ನಿಮಿಷ ತಡ ಆಗುತ್ತೆ. ಆ ಹತ್ತು ನಿಮಿಷ ನೀವು ಏನು ಮಾಡ್ತೀರಾ?"

ಪಾತ್ರಾಂವ್ ಟಿಕೆಟ್ಟಿನ ಮೇಲಿದ್ದ ಲೋಟವನ್ನು ಅರ್ಧ ಸುತ್ತು ತಿರುಗಿಸಿದರು. ಸುಳ್ಳು ಹೇಳಲು ಅವರಿಗೆ ರಂಗ ಬೇಕು.

"ಬಾಗಿಲಲ್ಲಿ ನಿಂತಿರ್ತೀರಾ. ಇವನು ಕಿಟಕೀಲಿ. ಅಂಗಡೀಗೆ ಅಂದ್ರೆ ನನ್ನ ಚಪ್ಪಲಿ ನೋಡ್ತೀರಾ, ಸ್ನಾನಕ್ಕೆ ಅಂದ್ರೆ ನೀರಿನ ಸದ್ದು ಕೇಳ್ತೀರಾ. ನಿಮ್ಮದೂ ತಪ್ಪಲ್ಲ, ಲಿಗೋರ್ ಹಾಗೆ ಮಾಡ್ಬಿಟ್ಟ. ಆದ್ರೆ ಹತ್ತು ವಾರ ನಾನು ಹಾಗೆ ಇರಕ್ಕಾಗಲ್ಲ."

"ಇಲ್ಲ ಪಿಯೆದಾದ್," ಎಂದೆ ನಾನು, "ನಾನು ನೋಡಲ್ಲ."

"ನೀನು ಈಗಲೂ ನೋಡ್ತಿದ್ದೀಯ, ಕಾಯ್ತು."

ಕಣ್ಣು ತೆಗೆದೆ. ಪಾತ್ರಾಂವ್ ಲೋಟವನ್ನು ಸರಿಸಿ, ಟಿಕೆಟ್ಟನ್ನು ಎತ್ತಿ, ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ಚಾಚಿದರು. ಅವರು ಯಾರ ಮುಂದೆಯೂ ಹಾಗೆ ಬಾಗಿದ್ದನ್ನು ನಾನು ಕಂಡಿರಲಿಲ್ಲ. "ನೀನಿಲ್ದೆ ನಾಟಕ ಇಲ್ಲ ಬಾಯ್. ಎರಡು ದಿನ ನೋಡ್ದೆ. ದಮ್ಮಯ್ಯ, ಇದನ್ನ ತಗೋ."

ಪಿಯೆದಾದ್ ಕೆಂಪಾದ ಕೈಗಳನ್ನು ಲಂಗಕ್ಕೆ ಒರೆಸಿಕೊಂಡಳು. ತೆಗೆದುಕೊಳ್ಳಲೆಂದಲ್ಲ. ಮತ್ತೆ ಚಾಪೆಯ ಮುಂದೆ ಕುಳಿತಳು.

"ನಾನು ಬರಲ್ಲ, ಪಾತ್ರಾಂವ್. ಅದನ್ನ ಎತ್ಕೊಂಡು ಹೋಗಿ."